ವಿಮಾನದ ಕಣ

ಗಂಟು ಬಿಚ್ಚಿದ ಕೂಡಲೇ ಸೀನು ಬಂತು. ಒಂದಲ್ಲ, ಒಂದರ ಹಿಂದೊಂದು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟುಕೊಂಡು ಕೂತವನು ನಾನು. ಘಾಟಿಗೆ ನನ್ನ ಮೂಗು ಸತ್ತು ಎಷ್ಟೋ ಕಾಲವಾಗಿದೆ. ಹೊಸಬರು ಅಂಗಡಿಗೆ ಬಂದು ಕಣ್ಣು ಮೂಗು ಒರೆಸಿಕೊಳ್ಳುವಾಗ ನಾನು ನಗುತ್ತ ಅವರಿಗೆ ಚಹಾ ತರಿಸುತ್ತೇನೆ. ಅಂಥವನಿಗೆ ಒಂದು ಹಳೆ ಬಟ್ಟೆಯ ಗಂಟು ಸೀನು ತರಿಸಿತೆಂದರೆ ಅದು ಬರೀ ಮೆಣಸಿನಕಾಯಿಯ ಕೆಲಸ ಇರಲಿಕ್ಕಿಲ್ಲ.

ಆ ಗಂಟನ್ನು ನಮ್ಮ ಊರಿನ ಪಕ್ಕದ ಮನೆಯ ಖಾಲಾಳ ತಂಗಿಯ ಮಗ ರಾಣೇಬೆನ್ನೂರಿನಿಂದ ರೈಲಿನಲ್ಲಿ ತಂದು ಕೊಟ್ಟುಹೋದ. ಖಾಲಾ ತೀರಿಕೊಂಡು, ನಲವತ್ತನೆಯ ದಿನದ ಕಾರ್ಯವೂ ಮುಗಿದಿತ್ತು. ಹಾಸಿಗೆ ಹಿಡಿದಾಗ ಪೆಟ್ಟಿಗೆಯಿಂದ ಇದನ್ನು ತೆಗೆಸಿ, ಬ್ಯಾಡಗಿಯವನಿಗೆ ಕೊಡು, ಅವನೇ ಬಿಚ್ಚಲಿ ಅಂದಿದ್ದಳಂತೆ. ಯಾಕೆ ನನಗೇ ಅಂತ ಆ ಹುಡುಗನನ್ನು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ, ರೈಲಿನ ಹೊತ್ತಾಯಿತೆಂದು ಚಹಾ ಕುಡಿಯದೆ ಹೋದ.

ಮೇಲಿನ ಸುತ್ತು ಬಿಡಿಸಿದೆ. ಬಣ್ಣಬಣ್ಣದ ತುಂಡು ಹಚ್ಚಿ ಕೌದಿಯ ಹಾಗೆ ಹೊಲಿದ ಉದ್ದನೆಯ ಚೀಲ. ಎರಡೂ ಕಡೆ ಬಾಯಿ ತೆರೆದದ್ದು, ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ನಟ್ಟನಡುವೆ ಕಿತ್ತಳೆ ಬಣ್ಣದ ಒಂದು ದಪ್ಪ ತುಂಡು. ಒಳಗೆ ಇನ್ನೇನೋ ಗಟ್ಟಿಯಾದದ್ದು ಇತ್ತು. ಅಷ್ಟರಲ್ಲಿ ಕಾಯಿಗೆ ಬೆಲೆ ಕಟ್ಟುವ ಟೆಂಡರಿನ ಹೊತ್ತಾಗಿ ರೈತರು ಬಂದರು. ಗಂಟನ್ನು ಗಾದಿಯ ಪಕ್ಕಕ್ಕೆ ಸರಿಸಿ ಕೂತೆ. ಆ ದಿನ ಯಾರು ಏನು ಕೇಳಿದರು, ನಾನೇನು ಹೇಳಿದೆ... ಒಂದೂ ನೆನಪಿಲ್ಲ. ಮನಸ್ಸು ಹೊಳೆಯ ನಡುವೆ ಹೋಗಿ ಕೂತುಬಿಟ್ಟಿತ್ತು.

ನನಗೆ ಮೊದಲಿನಿಂದಲೂ ಯಾವುದೂ ಬೇಗ ತಿಳಿಯುವುದಿಲ್ಲ. ಊರಿಗೆಲ್ಲ ಹೊತ್ತೇರಿದ ಮೇಲೆ ನನ್ನ ಮಗನಿಗೆ ನಸುಕು ಹರಿಯುತ್ತದೆ ಅಂತ ನಮ್ಮವ್ವ ಅನ್ನುತ್ತಿದ್ದಳು. ಖಾಲಾಳ ವಿಷಯದಲ್ಲಂತೂ ನನಗೆ ಇನ್ನೂ ಪೂರ್ತಿ ಹರಿದಿಲ್ಲ. ಆದರೂ ತಿಳಿದಷ್ಟನ್ನು ತಿಳಿದ ಹಾಗೆ ಬರೆದಿಡುತ್ತೇನೆ.

ನಮ್ಮ ಊರು ತುಂಗಭದ್ರೆಯ ನಡುವಿನ ಒಂದು ನಡುಗಡ್ಡೆ. ಕುಮಾರಪಟ್ಟಣದಿಂದ ಕೆಳಕ್ಕೆ, ಹೊಳೆ ಎರಡಾಗಿ ಸೀಳಿ ಮತ್ತೆ ಕೂಡುವಲ್ಲಿ. ಬೇಸಿಗೆಯಲ್ಲಿ ಮೊಣಕಾಲು ನೀರಿನಲ್ಲಿ ದಾಟಬಹುದಿತ್ತು, ಮಳೆಗಾಲದಲ್ಲಿ ಹರಿಗೋಲು ಬೇಕು, ಹೊಳೆ ತುಂಬಿ ಬಂದರೆ ಅದೂ ಇಲ್ಲ. ಆಗ ಉಪ್ಪು ತೀರಿದವರು ಉಪ್ಪಿದ್ದವರ ಮನೆಗೆ ಬಟ್ಟಲು ಹಿಡಿದು ಹೋಗುವುದು, ಅವರು ಮಾರನೆ ದಿನ ಎಣ್ಣೆಗೆ ಇವರ ಮನೆಗೆ ಬರುವುದು. ಊರು ಬಿಟ್ಟು ಆಚೆ ಹೋದವರನ್ನೆಲ್ಲ ದಂಡೆಗೆ ಹೋಗಿದ್ದಾನೆ ಅನ್ನುತ್ತಿದ್ದೆವು. ರಾಣೇಬೆನ್ನೂರಿನ ಸಂತೆಗೆ ಹೋದವನೂ ದಂಡೆಗೆ ಹೋದವನೇ, ಹಾವೇರಿಯ ಕೋರ್ಟಿಗೆ ಹೋದವನೂ ದಂಡೆಗೆ ಹೋದವನೇ. ನಾನು ಬ್ಯಾಡಗಿಯಲ್ಲಿ ಅಂಗಡಿ ಹಾಕಿದ ಮೇಲೂ ಊರವರ ಬಾಯಲ್ಲಿ ನಾನು ದಂಡೆಯವನು.

ಅಂಥ ಊರಿಗೆ ಬಸ್ಸು ಬರುತ್ತಿರಲಿಲ್ಲ, ಲಾರಿ ಬರುತ್ತಿರಲಿಲ್ಲ, ಆದರೆ ವಿಮಾನ ಇಳಿಯುವ ಜಾಗ ಇತ್ತು. ಹೇಳಿದರೆ ಯಾರೂ ನಂಬುವುದಿಲ್ಲ, ಒಮ್ಮೊಮ್ಮೆ ನನಗೇ ನಂಬಿಕೆ ಬರುವುದಿಲ್ಲ. ನಾನು ಚಡ್ಡಿ ಹಾಕಿಕೊಳ್ಳುತ್ತಿದ್ದ ಕಾಲಕ್ಕೆ ಹೊಳೆಯ ಎರಡೂ ದಂಡೆಗೆ ಹತ್ತಿಯೋ ಹತ್ತಿ. ಹುಳ ಬಿದ್ದಾಗ ಮೇಲಿನಿಂದ ಔಷಧ ಹೊಡೆಯಲು ಸಣ್ಣ ವಿಮಾನಗಳು ಬಂದವು. ಅವು ಇಳಿದು ಏರಲಿಕ್ಕೆಂದು ನಡುಗಡ್ಡೆಯ ಎತ್ತರದ ಬೋಳು ಬಯಲಿನಲ್ಲಿ ಕೆಂಪು ಗರಸುಮಣ್ಣು ಹಾಸಿ, ಗಟ್ಟಿಮಾಡಿ, ಉದ್ದನೆಯ ಪಟ್ಟಿ ಮಾಡಿದ್ದರು. ಎಲ್ಲ ಬಿಟ್ಟು ನಡುಗಡ್ಡೆಯಲ್ಲೇ ಯಾಕೆ ಮಾಡಿದರು? ಅಲ್ಲಿ ಗಿಡಮರ ಇರಲಿಲ್ಲವಲ್ಲ ಅಂತ ನಮ್ಮಣ್ಣ ಹೇಳುತ್ತಾನೆ. ಔಷಧದ ವಾಸನೆ ದಂಡೆಯ ದೊಡ್ಡ ಮನೆಯವರಿಗೆ ಆಗಿಬರಲಿಲ್ಲ ಅಂತ ಅವ್ವ ಹೇಳುತ್ತಿದ್ದಳು. ಯಾವುದು ಖರೆಯೋ. ಕೆಲವು ಹಂಗಾಮು ವಿಮಾನ ಬಂದವು, ಆಮೇಲೆ ಬರಲಿಲ್ಲ. ಇನ್ನು ಬರುವುದಿಲ್ಲ ಅಂತ ಹೇಳಲಿಕ್ಕೂ ಯಾರೂ ಬರಲಿಲ್ಲ.

ಖಾಲಾಳ ಗಂಡ ಆ ಪಟ್ಟಿಯ ಕಾವಲುಗಾರನಾಗಿದ್ದ. ನನಗೆ ಅವನ ಮುಖ ನೆನಪಿಲ್ಲ, ಚಪ್ಪಲಿಯ ಸಪ್ಪಳ ನೆನಪಿದೆ. ದಪ್ಪ ತೊಗಲಿಗೆ ಮೊಳೆ ಹೊಡೆದ ಚಪ್ಪಲಿ. ಅವನು ಬೇಗ ತೀರಿಕೊಂಡ. ಆಮೇಲೆ ಅದೇ ಚಪ್ಪಲಿಯನ್ನು ಖಾಲಾ ಮೆಟ್ಟತೊಡಗಿದಳು. ಅವಳ ಪಾದಕ್ಕೆ ಹಿಮ್ಮಡಿಯ ಹಿಂದೆ ಎರಡು ಬೆರಳು ಉಳಿಯುತ್ತಿತ್ತು. ಟಪ್ಪು ಟಪ್ಪು ಅಂತ ಓಣಿಯ ಆ ತುದಿಗೆ ಅವಳು ಹೊರಟರೆ ಈ ತುದಿಗೆ ನಾವು ಆಟ ನಿಲ್ಲಿಸುತ್ತಿದ್ದೆವು. ವರ್ಷಗಟ್ಟಲೆ ಅಟ್ಟೆ ಬದಲಿಸಿ, ಉಂಗುಟ ಬದಲಿಸಿ, ಕೊನೆಕೊನೆಗೆ ಗಂಡನದು ಅನ್ನಲಿಕ್ಕೆ ಮೊಳೆಗಳಷ್ಟೇ ಉಳಿದಿದ್ದವೋ ಏನೋ.

ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವ್ವನ ತಂಗಿಯನ್ನು ಮುಸಲ್ಮಾನರಲ್ಲಿ ಖಾಲಾ ಅನ್ನುತ್ತಾರೆ. ನಮ್ಮ ಊರಿನಲ್ಲಿ ಅವಳಿಗಿಂತ ಹಿರಿಯರೂ ಅವಳನ್ನು ಖಾಲಾ ಅಂತಲೇ ಕರೆಯುತ್ತಿದ್ದರು, ಅವಳೂ ಓ ಅನ್ನುತ್ತಿದ್ದಳು. ಊರಿಗೆಲ್ಲ ಹೊಲಿಗೆಯವಳು. ಪೋಲಕ, ಲಂಗ, ದಿಂಬಿನ ಚೀಲ, ಎಲ್ಲ ಅವಳ ಮಷೀನಿನ ಕೆಳಗೆ ಹಾದು ಬಂದದ್ದೇ. ಬಾಯಿ ಜೋರು. ಅಳತೆಗೆ ನಿಂತವರನ್ನು ಇದೇನು ಹೊಟ್ಟೆಯೋ ಕಾಳು ತುಂಬುವ ಹಗೇವೋ ಅಂತ ಕೇಳಿ ಎಲ್ಲರೆದುರು ನಗೆಪಾಟಲು ಮಾಡುತ್ತಿದ್ದಳು. ನನಗೆ ಅವಳನ್ನು ಕಂಡರೆ ಅಂಜಿಕೆ, ಆದರೆ ಅವ್ವ ಬಡಿಯಲು ಬಂದರೆ ನಾನು ಓಡುತ್ತಿದ್ದುದು ಅವಳ ಮಷೀನಿನ ಹಿಂದಕ್ಕೇ.

ವಿಮಾನ ನಿಂತ ಮೇಲೆ ಆ ಪಟ್ಟಿ ಊರಿನ ಕಣವಾಯಿತು. ಅಷ್ಟು ಗಟ್ಟಿಯಾದ, ಅಷ್ಟು ಬಯಲಾದ ನೆಲ ಇನ್ನೆಲ್ಲಿ ಸಿಗಬೇಕು! ಜೋಳದ ರಾಶಿ, ಶೇಂಗಾ, ಆಮೇಲೆ ಮೆಣಸಿನಕಾಯಿ. ಮಾಘದ ಬಿಸಿಲಿಗೆ ಆ ತುದಿಯಿಂದ ಈ ತುದಿಯವರೆಗೆ ಕೆಂಪಗೆ ಹಾಸಿರುತ್ತಿತ್ತು. ವಿಮಾನದ ಕಣ ಅಂತಲೇ ಅದಕ್ಕೆ ಹೆಸರು ಬಿತ್ತು. ಕಣ ಅಂದ ಮೇಲೆ ಕಣದ ರೀತಿ. ಚಪ್ಪಲಿ ಅಂಚಿಗೆ ಬಿಟ್ಟು ಒಳಗೆ ಹೋಗಬೇಕು. ಕೈಯಲ್ಲಿ ಹಿಡಿದುಕೊಂಡು ಹೋಗುವುದೂ ಸಲ್ಲದು, ತೊಗಲು ಕಣದೊಳಗೆ ಬರಕೂಡದು. ಹಾಗಾಗಿ ಯಾರೂ ಪಟ್ಟಿಯನ್ನು ಅಡ್ಡ ದಾಟಿ ಆಚೆ ಹೋಗುತ್ತಿರಲಿಲ್ಲ, ಹೋದರೂ ಚಪ್ಪಲಿಗಾಗಿ ತಿರುಗಿ ಬರಲೇಬೇಕು. ರಾಶಿ ಇಲ್ಲದ ದಿನಗಳಲ್ಲೂ ಅದೇ ರೀತಿ. ನಮ್ಮೂರಿನ ಒಬ್ಬ ಕುಡುಕ ಹೆಂಡತಿಯ ಹೆಸರು ಮರೆತು ಬೇರೆ ಮನೆಯ ಬಾಗಿಲು ಬಡಿದವನು, ಅಂಥವನೂ ಪಟ್ಟಿಯ ಅಂಚಿಗೆ ಬಂದರೆ ತೂರಾಡುತ್ತಲೇ ಬಗ್ಗಿ ಚಪ್ಪಲಿ ಬಿಡುತ್ತಿದ್ದ. ಈ ರೀತಿಯನ್ನು ಎಲ್ಲರಿಗಿಂತ ಬಿಗಿಯಾಗಿ ನಡೆಸುತ್ತಿದ್ದವಳು ಖಾಲಾ. ಯಾರಾದರೂ ಚಪ್ಪಲಿ ಮೆಟ್ಟಿಕೊಂಡು ಪಟ್ಟಿಯ ಮೇಲೆ ಕಾಲಿಟ್ಟರೋ, ಅವರ ಏಳು ತಲೆಮಾರಿನ ಅಳತೆ ತೆಗೆಯುತ್ತಿದ್ದಳು.

ಪಟ್ಟಿಯ ತುದಿಗೆ ಒಂದು ಕಬ್ಬಿಣದ ಕಂಬ. ವಿಮಾನದವರು ಅದಕ್ಕೆ ಕಿತ್ತಳೆ ಬಣ್ಣದ ಗಾಳಿಚೀಲ ಕಟ್ಟಿ ಹೋಗಿದ್ದರು, ಗಾಳಿ ಎತ್ತ ಬೀಸುತ್ತದೆಂದು ಮೇಲಿದ್ದವರಿಗೆ ಕಾಣಲಿಕ್ಕೆ. ಅದು ಹರಿದಾಗ ಖಾಲಾ ಇನ್ನೊಂದು ಹೊಲಿದಳು. ಪ್ರತಿ ವರ್ಷ ಸುಗ್ಗಿಗೆ ಮೊದಲು ಮನೆಮನೆಗೆ ಹೋಗಿ ಒಂದೊಂದು ತುಂಡು ಬಟ್ಟೆ ಕೇಳುತ್ತಿದ್ದಳು. ಒಬ್ಬರ ಹಳೆ ಇಳಕಲ್ಲ ಸೀರೆಯ ಸೆರಗು, ಒಬ್ಬರ ಅಂಗಿಯ ಬೆನ್ನು, ಕೂಸಿನ ಕುಂಚಿಗೆ. ನಡುವೆ ಹಳೆಯ ಕಿತ್ತಳೆ ಬಟ್ಟೆಯ ಒಂದು ತುಂಡು ಇರಲೇಬೇಕು. ಹೊಲಿದು ಮುಗಿಸಿ ಕಂಬಕ್ಕೆ ಏರಿಸಿದರೆ ನಾವು ಹುಡುಗರು ಕೆಳಗೆ ನಿಂತು ನಮ್ಮ ಮನೆಯ ತುಂಡು ಎಲ್ಲಿದೆ ಅಂತ ಹುಡುಕುತ್ತಿದ್ದೆವು.

ಯಾಕೆ ಹೊಲಿಯುತ್ತಿದ್ದಳು? ರಾಶಿ ತೂರುವವರಿಗೆ ಗಾಳಿ ತಿಳಿಯಲಿ ಅಂತ ಒಬ್ಬರಿಗೆ ಹೇಳಿದ್ದಳು. ಗಂಡನಿಗೆ ಮಾತು ಕೊಟ್ಟಿದ್ದೇನೆ ಅಂತ ಇನ್ನೊಬ್ಬರಿಗೆ. ವಿಮಾನ ಬಂದರೂ ಬಂದೀತು ಅಂತ ಮತ್ತೊಬ್ಬರಿಗೆ. ಕೇಳಿದವರ ಮುಖ ನೋಡಿ ಉತ್ತರ ಕತ್ತರಿಸಿ ಕೊಡುತ್ತಿದ್ದಳೋ ಏನೋ. ನಾನೂ ಒಮ್ಮೆ ಕೇಳಿದೆ. ಮಷೀನಿನ ಚಕ್ರ ನಿಲ್ಲಿಸಿ ನನ್ನ ಕಡೆ ನೋಡಿದಳು.

"ಗಾಳಿಗೂ ಒಂದು ಮಾರಿ ಬೇಕಪ್ಪ. ಇಲ್ಲಾಂದ್ರ ಅದು ಎತ್ತಾಗ ಹೊಂಟೈತಿ ಅಂತ ಯಾರಿಗೆ ತಿಳೀಬೇಕು?"

ಗಾಳಿಗೆಂಥ ಮುಖ, ನನಗೆ ಆಗಲೂ ತಿಳಿಯಲಿಲ್ಲ. ಕುಮಾರಪಟ್ಟಣದ ಚಿಮಣಿಯ ಹೊಗೆ ದೂರದಲ್ಲಿ ಕಾಣುತ್ತಿತ್ತಲ್ಲ, ಅದನ್ನು ನೋಡಿದರೂ ಗಾಳಿ ತಿಳಿಯುತ್ತದೆ ಅಂದೆ. ತಲೆಗೊಂದು ಮೊಟಕಿ ಮತ್ತೆ ಚಕ್ರ ತಿರುಗಿಸಿದಳು.

ಈಗ ಆ ಮಳೆಗಾಲದ ಮಾತು. ಬಹಳ ಹಿಂದಿನದಲ್ಲ, ಆದರೆ ನೆನೆದರೆ ಬೇರೆ ಜನ್ಮದ್ದು ಅನ್ನಿಸುತ್ತದೆ. ಪಂಚಮಿಗೆಂದು ನಾನು ಊರಿಗೆ ಹೋಗಿದ್ದೆ. ಅವ್ವ ಇರಲಿಲ್ಲ, ಮನೆಯಲ್ಲಿ ಅಣ್ಣನ ಸಂಸಾರ. ಹೊಸ ಚಪ್ಪಲಿ ಕೊಂಡು ಮೆಟ್ಟಿಕೊಂಡು ಹೋಗಿದ್ದೆ, ದಂಡೆಯವನ ಡೌಲು ನೋಡು ಅಂತ ಖಾಲಾ ಆಡಿಕೊಂಡಳು. ಮಾರನೆ ದಿನದಿಂದ ಮಳೆ. ಹೊಳೆ ಏರತೊಡಗಿತು. ನಮಗೇನು ಅದು ಹೊಸದಲ್ಲ. ಹನುಮಂತ ದೇವರ ಕಟ್ಟೆಗೆ ನೀರು ಬರುತ್ತದೆ, ಕಾಲು ತೊಳೆದು ಹೋಗುತ್ತದೆ ಅಂತ ಹಿರಿಯರು ತಂಬಾಕು ತಿಕ್ಕುತ್ತ ಕೂತರು. ಈ ಸಲ ನೀರು ಕಟ್ಟೆ ಏರಿತು, ಗುಡಿಯ ಒಳಗೆ ಹೋಯಿತು, ಓಣಿಗೆ ಬಂತು. ಊರೆಲ್ಲ ದನಕರು, ಗಂಟುಮೂಟೆ ಸಮೇತ ವಿಮಾನದ ಕಣದ ಪಕ್ಕದ ದಿಬ್ಬಕ್ಕೆ ಬಂದು ಕೂತಿತು. ಅಲ್ಲೂ ಯಾರೊಬ್ಬರೂ ಪಟ್ಟಿಯ ಮೇಲೆ ಕಾಲಿಡಲಿಲ್ಲ. ಪಟ್ಟಿಯ ಬದಿಗೆ ತಾಡಪತ್ರಿ ಹಿಡಿದುಕೊಂಡು ಕೂತೆವು.

ಹೆಲಿಕಾಪ್ಟರ್ ಬಂತು. ನಮ್ಮ ಊರಿನವರು ಮೊದಲು ನೋಡಿದ್ದು ಹೆಲಿಕಾಪ್ಟರನ್ನಲ್ಲ, ಖಾಲಾಳ ಚೀಲವನ್ನು. ಮಳೆಯಲ್ಲಿ ತೊಯ್ದು ತೂಗುಬಿದ್ದದ್ದು ಒಮ್ಮೆಲೇ ಗಾಳಿ ತುಂಬಿಕೊಂಡು ಅಡ್ಡವಾಗಿ ನಿಂತಿತು. ಕೆಳಗಿಳಿದ ಸೈನಿಕ ಕಂಬದ ಕಡೆ ಬೆರಳು ಮಾಡಿ ತೋರಿಸಿ, ಹೆಬ್ಬೆರಳು ಎತ್ತಿ ನಕ್ಕ. ಖಾಲಾ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಇಷ್ಟು ವರ್ಷ ಯಾರಿಗಾಗಿ ಹೊಲಿದಳೋ ಅವರು ಬಂದ ಹಾಗೆ ಅವಳ ಮುಖ ಆಗಿತ್ತು. ಅದನ್ನು ನಾನು ನೋಡಿದ್ದೇನೆ, ಅದರಲ್ಲಿ ಮಾತ್ರ ನನಗೆ ಗೊಂದಲವಿಲ್ಲ.

ಆದರೆ ಏರಲು ಯಾರೂ ತಯಾರಿರಲಿಲ್ಲ. ಎಲ್ಲರಿಗೂ ಒಂದೇ ಭಯ. ನಡುಗಡ್ಡೆಯನ್ನು ಖಾಲಿ ಮಾಡಿಸಬೇಕೆಂಬ ಮಾತು ಕಚೇರಿಗಳಲ್ಲಿ ಮೊದಲಿನಿಂದಲೂ ಇತ್ತು. ಈಗ ಒಮ್ಮೆ ಎದ್ದು ಹೋದರೆ ಮುಗಿಯಿತು, ಮತ್ತೆ ಈ ನೆಲಕ್ಕೆ ಬರಗೊಡುವುದಿಲ್ಲ ಅಂತ ಎಲ್ಲರಿಗೂ ಅನ್ನಿಸಿತ್ತು. ಅದನ್ನು ಗಟ್ಟಿಯಾಗಿ ಹೇಳಿದವನು ನಮ್ಮಣ್ಣ.

"ಹೋದ್ರ ತಿರುಗಿ ಬರಾಕ ಬಿಡೂದಿಲ್ಲ ಇವ್ರು. ಸತ್ರ ಇಲ್ಲೇ ಸಾಯ್ತೇನಿ, ನಾ ಏಳಾವಲ್ಲ."

ಅವನು ಕೂತ, ಅವನನ್ನು ನೋಡಿ ಉಳಿದವರೂ ಕೂತರು. ಸೈನಿಕ ಹಿಂದಿಯಲ್ಲಿ ಕೂಗುತ್ತಿದ್ದ, ಊರವರಿಗೆ ತಿಳಿಯುತ್ತಿರಲಿಲ್ಲ. ಖಾಲಾಳ ಮನೆಮಾತು ಉರ್ದು, ಹಾಗಾಗಿ ಅವಳೇ ಎದ್ದು ಚಪ್ಪಲಿ ಅಂಚಿಗೆ ಬಿಟ್ಟು ಅವನ ಹತ್ತಿರ ಹೋದಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಮಾತಾಡಿದರು ಅನ್ನುವುದೇನು, ಆ ರೆಕ್ಕೆಯ ಸದ್ದಿನಲ್ಲಿ ಒಬ್ಬರ ಕಿವಿಗೆ ಒಬ್ಬರು ಬಾಯಿಟ್ಟು ಕೂಗಿದರು. ಅವನು ಹೊಳೆಯ ಕಡೆ ಕೈ ಮಾಡಿದ. ಮೋಡದ ಕಡೆ ತೋರಿಸಿದ. ಆಮೇಲೆ ತಲೆ ಅಲ್ಲಾಡಿಸಿದ. ಬ್ಯಾಡಗಿಯಲ್ಲಿ ಬೇರೆ ರಾಜ್ಯದ ವ್ಯಾಪಾರಿಗಳ ಜೊತೆ ಹೆಣಗಿ ನನಗೂ ಅಲ್ಪಸ್ವಲ್ಪ ಹಿಂದಿ ಬರುತ್ತದೆ. ಆದರೆ ನಾನು ನಿಂತಲ್ಲಿಗೆ ಒಂದು ಶಬ್ದವೂ ಬರಲಿಲ್ಲ.

ಖಾಲಾ ತಿರುಗಿ ಬಂದಳು. ಅಣ್ಣನ ಎದುರು ನಿಂತು, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಕೇಳ್ರಿ ಇಲ್ಲೆ. ನೀರು ಇಳದ ಮ್ಯಾಲೆ ಇದ ಕಣದಾಗ ತಿರುಗಿ ತಂದು ಇಳಸ್ತಾರಂತ. ನಾ ಮಾತು ತಗೊಂಡೇನಿ. ಏಳ್ರಿ ಇನ್ನ."

ಅಣ್ಣ ಎದ್ದ. ಎಲ್ಲರೂ ಎದ್ದರು. ಆಮೇಲೆ ನಡೆದದ್ದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಸೈನಿಕ ಓಡಿ ಬನ್ನಿ, ಓಡಿ ಬನ್ನಿ ಅಂತ ಕೈ ಬೀಸುತ್ತಿದ್ದಾನೆ, ಹಿಂದೆ ಹೊಳೆ ಏರುತ್ತಿದೆ, ನಮ್ಮ ಜನ ಪಟ್ಟಿಯ ಅಂಚಿಗೆ ಬಂದು ಸಾಲಾಗಿ ನಿಂತು ಚಪ್ಪಲಿ ಬಿಡುತ್ತಿದ್ದಾರೆ. ಒಬ್ಬ ಮುದುಕಿ ಉಂಗುಟ ಸಿಕ್ಕಿಕೊಂಡು ಬಿಡಿಸಲಾಗದೆ ಮೊಮ್ಮಗಳನ್ನು ಕರೆಯುತ್ತಿದ್ದಾಳೆ. ಕಣದಲ್ಲಿ ಆಗ ಒಂದು ಕಾಳು ಇರಲಿಲ್ಲ. ಆ ಸೈನಿಕ ತಲೆಗೆ ಕೈ ಹಚ್ಚಿಕೊಂಡ. ನಾನೂ ಬಿಟ್ಟೆ, ಹೊಸ ಚಪ್ಪಲಿ, ಒಂದಕ್ಕೊಂದು ಜೋಡಿಸಿ ನೀಟಾಗಿ ಬಿಟ್ಟೆ. ತಿರುಗಿ ಬರುವವರು ಇಡುವ ಹಾಗೆ.

ಹೆಲಿಕಾಪ್ಟರ್ ಹೋಗಿ ಬಂದು ಮಾಡಿತು. ಕೊನೆಯ ಸರದಿಯಲ್ಲಿ ನಾನು, ಅಣ್ಣ, ಖಾಲಾ ಇದ್ದೆವು. ನಾವು ಏರಿ ಕೂತರೂ ಖಾಲಾ ಬರಲಿಲ್ಲ. ನೋಡಿದರೆ ಕಂಬದ ಕೆಳಗೆ ನಿಂತು ಚೀಲ ಇಳಿಸುತ್ತಿದ್ದಾಳೆ. ಗಾಳಿಗೆ ಹರಿದೀತೆಂದು ಇಳಿಸಿದಳು ಅಂದುಕೊಂಡೆವು. ಅದನ್ನು ಗಂಟು ಮಾಡಿ ಕಂಕುಳಲ್ಲಿ ಇಟ್ಟುಕೊಂಡು, ಪಟ್ಟಿಯ ಅಂಚು ಹಿಡಿದು ನಡೆದು, ಆಮೇಲೆ ನಮ್ಮ ಕಡೆ ಬಂದಳು. ಮೇಲೆ ಏರಿದ ಮೇಲೆ ಒಮ್ಮೆಯೂ ಕೆಳಗೆ ನೋಡಲಿಲ್ಲ. ಉಳಿದ ನಾವೆಲ್ಲ ನೋಡಿದೆವು. ಹೊಳೆಯ ನಡುವೆ ಕೆಂಪು ಪಟ್ಟಿ, ಅದರ ಅಂಚಿಗೆ ಚಪ್ಪಲಿಗಳ ಸಾಲು...

ಮಾರನೆ ದಿನ ಊರಿನ ಮಣ್ಣಿನ ಗೋಡೆಗಳೆಲ್ಲ ಕುಸಿದವು. ಪಟ್ಟಿ ಮಾತ್ರ ಮುಳುಗಲಿಲ್ಲ. ಅಂದರೆ ನಾವು ಅಲ್ಲೇ ಕೂತಿದ್ದರೂ ಬದುಕುತ್ತಿದ್ದೆವೇ? ಎಷ್ಟು ದಿನ? ಉಣ್ಣಲು ಏನಿತ್ತು? ಇದನ್ನು ಲೆಕ್ಕ ಹಾಕಲು ಹೋದಾಗೆಲ್ಲ ನನಗೆ ತಲೆ ಸುತ್ತುತ್ತದೆ.

ಊರವರನ್ನು ರಾಣೇಬೆನ್ನೂರಿನ ಶಾಲೆಯೊಂದರಲ್ಲಿ ಇಟ್ಟರು. ಆಮೇಲೆ ತಗಡಿನ ಶೆಡ್ಡು. ಆಮೇಲೆ ಹಾವೇರಿಯ ಕಡೆ ಹೋಗುವ ಹೆದ್ದಾರಿಯ ಪಕ್ಕ ಒಣ ನೆಲದಲ್ಲಿ ಸಾಲುಮನೆ. ನಡುಗಡ್ಡೆ ವಾಸಕ್ಕೆ ಯೋಗ್ಯವಲ್ಲ ಅಂತ ಕಚೇರಿಯವರು ಹೇಳಿದರು, ಬೇಕಾದವರು ಹಗಲು ಹೋಗಿ ಹೊಲ ಮಾಡಿ ಬರಬಹುದಂತೆ, ಆದರೆ ಅಷ್ಟು ದೂರ ಯಾರೂ ಹೋಗಲಿಲ್ಲ. ಅಣ್ಣನ ಮಾತೇ ಖರೆಯಾಯಿತು. ಆದರೆ ಅವನಿಗೆ ಗೆದ್ದ ಸಂತೋಷವಿರಲಿಲ್ಲ. ಖಾಲಾ ಎದುರಾದಾಗೆಲ್ಲ, ಏನಾಯಿತು ನಿನ್ನ ಸೈನಿಕನ ಮಾತು, ಇನ್ನೂ ನೀರು ಇಳಿದಿಲ್ಲವೇನು ಅಂತ ಕೇಳುತ್ತಿದ್ದ. ಉಳಿದವರೂ ಶುರು ಮಾಡಿದರು. ಒಂದು ಬೈಗುಳಕ್ಕೆ ಎರಡು ಕೊಡುತ್ತಿದ್ದ ಖಾಲಾ ತಲೆ ತಗ್ಗಿಸಿ ಹೋಗುತ್ತಿದ್ದಳು. ಅವನು ಹಾಗೆ ಹೇಳಿದ್ದು ಖರೆ ಅಂತ ಒಬ್ಬರಿಗೆ ಆಣೆ ಮಾಡಿದಳು. ಆ ಸದ್ದಿನಲ್ಲಿ ಯಾರಿಗೆ ಏನು ಕೇಳುತ್ತದೆ ಅಂತ ಇನ್ನೊಬ್ಬರ ಹತ್ತಿರ ನಕ್ಕುಬಿಟ್ಟಳು.

ನಾನು ಒಂದು ಸಂಜೆ ಹೋಗಿ, ನನ್ನೊಬ್ಬನಿಗಾದರೂ ಹೇಳು ಖಾಲಾ, ಅವನು ನಿಜವಾಗಿ ಏನಂದ ಅಂತ ಕೇಳಿದೆ.

"ನೀನೂ ಅಲ್ಲೇ ಇದ್ದಿಯಲ್ಲೋ," ಅಂದಳು. "ನಾ ಹೇಳಿದ್ದಕ್ಕ ಎದ್ದಿ. ಈಗ ಕೂತಗೊಂಡು ಅಂವ ಏನಂದ ಅಂತ ಕೇಳಾಕತ್ತೀದಿ."

ಬೈದಳೋ, ಬೇಡಿಕೊಂಡಳೋ ತಿಳಿಯಲಿಲ್ಲ.

ಶಾಲೆಯಲ್ಲಿದ್ದಾಗಲೇ ಯಾರೋ ಪುಣ್ಯವಂತರು ರಬ್ಬರ್ ಚಪ್ಪಲಿಗಳ ಮೂಟೆ ತಂದು ಹಂಚಿದ್ದರು. ಎಲ್ಲರೂ ಮೆಟ್ಟಿಕೊಂಡರು. ಖಾಲಾ ತೆಗೆದುಕೊಳ್ಳಲಿಲ್ಲ. ಆವತ್ತಿನಿಂದ ಬರಿಗಾಲು. ಹೆದ್ದಾರಿಯ ಪಕ್ಕದ ಡಾಂಬರಿನಲ್ಲಿ ಚೈತ್ರದ ಬಿಸಿಲಿಗೆ ನಾಯಿ ಕೂಡ ಕಾಲೆತ್ತಿ ಓಡುತ್ತದೆ, ಅಲ್ಲಿ ಅವಳು ಬರಿಗಾಲಲ್ಲಿ ಹೊಲಿಗೆಯ ಬಟ್ಟೆ ಹೊತ್ತುಕೊಂಡು ಹೋಗುತ್ತಿದ್ದಳು. ಟಪ್ಪು ಟಪ್ಪು ಸಪ್ಪಳ ಇಲ್ಲದೆ ಅವಳು ಬಂದು ಬಾಗಿಲಲ್ಲಿ ನಿಂತರೆ ಬೆಚ್ಚಿಬೀಳುವ ಹಾಗಾಗುತ್ತಿತ್ತು. ನನಗೆ ನೋಡಲಾಗದೆ ಒಂದು ಜೊತೆ ಒಳ್ಳೆಯ ಚಪ್ಪಲಿ ಕೊಂಡು ಒಯ್ದೆ. ಡಬ್ಬಿ ತೆರೆದು ನೋಡಿ, ತೊಗಲು ಚೆನ್ನಾಗಿದೆ ಅಂತ ಹೊಗಳಿ, ಮತ್ತೆ ಮುಚ್ಚಿ ನನ್ನ ಕೈಗೆ ಕೊಟ್ಟಳು.

"ಮದ್ಲ ಎಲ್ಲಾರೂ ತಮ್ಮ ತಮ್ಮವು ಹಾಕ್ಕೊಳ್ಳಿ. ಆಮ್ಯಾಲೆ ನಾ."

ತಮ್ಮ ತಮ್ಮವು ಅಂದರೆ ಕಣದ ಅಂಚಿಗೆ ಬಿಟ್ಟು ಬಂದವು. ಅವಳು ಇನ್ನೂ ಆ ಸೈನಿಕನ ದಾರಿ ಕಾಯುತ್ತಿದ್ದಾಳೆ ಅಂತ ನನಗೆ ಅನ್ನಿಸಿತು. ಹಾಗಾದರೆ ಅವನು ಮಾತು ಕೊಟ್ಟದ್ದು ಖರೆಯೇ ಇರಬೇಕು. ಸುಳ್ಳು ಹೇಳಿದವಳು ತನ್ನ ಸುಳ್ಳಿಗೇ ಹೀಗೆ ಕಾಲು ಸುಟ್ಟುಕೊಂಡು ಕಾಯುತ್ತಾಳೆಯೇ? ಅಣ್ಣನಿಗೂ ಇದನ್ನು ಹೇಳಿದೆ. ಆಮೇಲೆ ಅವನು ಅವಳನ್ನು ಕೆಣಕಿದ್ದನ್ನು ನಾನು ಕೇಳಲಿಲ್ಲ.

ಒಂದು ಬೇಸಿಗೆ ನಾನೊಬ್ಬನೇ ನಡುಗಡ್ಡೆಗೆ ಹೋದೆ. ನೀರು ಮೊಣಕಾಲಿಗೆ ಇತ್ತು. ಊರು ಅನ್ನುವುದು ಮಣ್ಣಿನ ಗುಪ್ಪೆಗಳಾಗಿತ್ತು, ಬಳ್ಳಾರಿ ಜಾಲಿ ಬೆಳೆದು ನಮ್ಮ ಮನೆ ಯಾವುದು ಖಾಲಾಳ ಮನೆ ಯಾವುದು ಗೊತ್ತಾಗಲಿಲ್ಲ. ಪಟ್ಟಿ ಹಾಗೇ ಇತ್ತು. ಅಂಚಿಗೆ ಚಪ್ಪಲಿಗಳೂ ಹಾಗೇ ಇದ್ದವು. ಬಿಸಿಲಿಗೆ ಸೆಟೆದು ದೋಣಿಯ ಹಾಗೆ ಮೂತಿ ಮೇಲೆ ಮಾಡಿದ್ದವು, ಕೆಲವಕ್ಕೆ ಗೆದ್ದಲು ಹಿಡಿದಿತ್ತು, ಒಂದು ಕೂಸಿನ ಚಪ್ಪಲಿಯಲ್ಲಿ ಹುಲ್ಲು ಹುಟ್ಟಿತ್ತು. ನನ್ನವು ಸಿಕ್ಕವು, ಹೊಸವು ಅನ್ನುವ ಗುರುತೇ ಇರಲಿಲ್ಲ. ಆಮೇಲೆ ಖಾಲಾಳ ಚಪ್ಪಲಿ ಹುಡುಕಿದೆ. ಮೊಳೆ ಹೊಡೆದದ್ದು, ಗಂಡಸರ ಅಳತೆಯದು, ತಪ್ಪುವ ಮಾತೇ ಇಲ್ಲ. ಸಾಲಿನ ಆ ತುದಿಯಿಂದ ಈ ತುದಿಗೆ ನೋಡಿದೆ. ಇರಲಿಲ್ಲ. ತೊಗಲಿನ ವಾಸನೆಗೆ ನರಿ ಒಯ್ದಿರಬೇಕು ಅಂದುಕೊಂಡೆ.

ತಿರುಗಿ ಬಂದು ಅವಳ ಮನೆಗೆ ಹೋದೆ. ನಾನು ಎಲ್ಲಿಗೆ ಹೋಗಿದ್ದೆನೆಂದು ಅವಳಿಗೆ ಆಗಲೇ ಸುದ್ದಿ ಮುಟ್ಟಿತ್ತು. ಮಷೀನು ನಿಲ್ಲಿಸಿ ನೋಡಿದಳು.

"ಚಪ್ಪಲಿ ಅದಾವೇನೋ?"

ಇವೆ ಅಂದೆ.

"ಎಲ್ಲಾರವೂ?"

ಏನು ಹೇಳಬೇಕಿತ್ತು? ಕಾಯುತ್ತ ಕೂತವಳಿಗೆ ನಿನ್ನದೊಂದೇ ಜೊತೆ ಇಲ್ಲ ಅಂತ ಹೇಳಲಿಕ್ಕೆ ಬಾಯಿ ಬರಲಿಲ್ಲ. ಹೂಂ, ಎಲ್ಲಾರವೂ ಇವೆ, ನಿನ್ನವೂ ಇಟ್ಟ ಹಾಗೇ ಇವೆ ಅಂದೆ. ಖಾಲಾ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಬಂದು, ಚಿಕ್ಕಂದಿನಲ್ಲಿ ಮೊಟಕುತ್ತಿದ್ದ ತಲೆಯ ಮೇಲೆ ಅಂಗೈ ಇಟ್ಟಳು. ನಾನು ಅವಳನ್ನು ಕಂಡದ್ದು ಹೆಚ್ಚುಕಡಿಮೆ ಅದೇ ಕೊನೆ. ಮೆಣಸಿನಕಾಯಿಯ ಹಂಗಾಮು ಶುರುವಾಯಿತು, ಅಲ್ಲಿ ಇಲ್ಲಿ ಅನ್ನುವುದರಲ್ಲಿ ಹೊತ್ತು ಹೋಯಿತು...

ಟೆಂಡರು ಮುಗಿದು ರೈತರು ಊಟಕ್ಕೆ ಹೋದ ಮೇಲೆ ಗಂಟನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡೆ. ಚೀಲದ ಅಗಲ ಬಾಯಿಯಿಂದ ಕೈ ಹಾಕಿ ಒಳಗಿದ್ದದ್ದನ್ನು ಹೊರಗೆ ತೆಗೆದೆ. ಮೊಳೆ ಹೊಡೆದ ಚಪ್ಪಲಿ. ಒಂದರ ಮೇಲೊಂದು ಮಗುಚಿ ಇಟ್ಟಿದ್ದವು. ಮೊಳೆಗಳ ಸಂದಿನಲ್ಲಿ ಕಣದ ಕೆಂಪು ಗರಸು ಹಾಗೇ ಒಣಗಿ ಕೂತಿತ್ತು. ಆವತ್ತಿನಿಂದ ಯಾರೂ ಮೆಟ್ಟಿರಲಿಲ್ಲ.

ಅಂದರೆ ಕಂಬದಿಂದ ಚೀಲ ಇಳಿಸಿ, ಅಂಚು ಹಿಡಿದು ನಡೆದಾಗ, ತನ್ನ ಚಪ್ಪಲಿಯನ್ನು ಸಾಲಿನಿಂದ ಎತ್ತಿ ಅದರಲ್ಲಿ ಸುತ್ತಿಕೊಂಡಿದ್ದಾಳೆ. ತೊಗಲನ್ನು ಕಣದೊಳಗೆ ತಂದಿದ್ದಾಳೆ, ಖಾಲಾ! ಆ ಸೈನಿಕ ಮಾತು ಕೊಟ್ಟಿರಲಿಲ್ಲ. ತಿರುಗಿ ಬರುವುದಿಲ್ಲ ಅಂತ ಊರಿಗೆಲ್ಲ ಗೊತ್ತಿಲ್ಲದಾಗ ಅವಳೊಬ್ಬಳಿಗೆ ಗೊತ್ತಿತ್ತು. ಗೊತ್ತಿದ್ದೂ ನಮ್ಮನ್ನು ಎಬ್ಬಿಸಿದಳು. ಗಂಡನ ಚಪ್ಪಲಿ ಬಿಟ್ಟುಬರಲು ಮನಸ್ಸಾಗಲಿಲ್ಲ, ತಂದಳು. ತಂದು, ಮೆಟ್ಟಲಿಲ್ಲ. ನಮ್ಮವು ಅಲ್ಲಿ ಉಳಿದಿರುವಾಗ ತನ್ನದನ್ನು ಮೆಟ್ಟಲಿಲ್ಲ.

ನಾನು ಎಲ್ಲಾರವೂ ಇವೆ ಅಂದಾಗ ಇವು ಅವಳ ಪೆಟ್ಟಿಗೆಯಲ್ಲಿದ್ದವು. ಇವನೂ ನನ್ನ ಹಾಗೆ ಸುಳ್ಳು ಹೇಳಿಬಿಟ್ಟನಲ್ಲ ಅಂತ ಅವಳಿಗೆ ಆ ಗಳಿಗೆಯಲ್ಲೇ ತಿಳಿದಿರಬೇಕು. ಅದಕ್ಕೇ ತಲೆಯ ಮೇಲೆ ಕೈ ಇಟ್ಟಳೋ, ಅದಕ್ಕೇ ಇದನ್ನು ನನಗೆ ಕಳಿಸಿದಳೋ... ನನಗೆ ಹಾಗೆ ಅನ್ನಿಸುತ್ತದೆ. ಖರೆ ಹೇಳಬೇಕೆಂದರೆ ಗೊತ್ತಿಲ್ಲ. ಅವಳು ನಮ್ಮನ್ನು ಉಳಿಸಿದಳೋ, ನಮ್ಮ ಊರನ್ನು ಕಳೆದಳೋ? ಎರಡೂ ಒಂದೇ ಮಾತಿನಿಂದ ಆಯಿತು, ಬಿಡಿಸಿ ನೋಡಲು ನನ್ನಿಂದಾಗುವುದಿಲ್ಲ. ಕೇಳೋಣವೆಂದರೆ ಖಾಲಾ ಇಲ್ಲ. ಅವಳಿಲ್ಲ ಅನ್ನುವುದು ಸುದ್ದಿ ಬಂದ ದಿನ ತಟ್ಟಿರಲಿಲ್ಲ, ಆಗ ತಟ್ಟಿತು. ಕೂತಲ್ಲೇ ಅತ್ತುಬಿಟ್ಟೆ. ಮೆಣಸಿನಕಾಯಿ ಅಂಗಡಿಯಲ್ಲಿ ಕಣ್ಣೀರಿಗೆ ಯಾರೂ ಕಾರಣ ಕೇಳುವುದಿಲ್ಲ, ಅದೊಂದು ಅನುಕೂಲ.

ಚೀಲವನ್ನು ಮಡಚಿ ಗಾದಿಯ ಕೆಳಗೆ ಇಟ್ಟೆ. ಚಪ್ಪಲಿಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಗಾದಿಯ ಹತ್ತಿರ ತೊಗಲು ಇಡುವ ಹಾಗಿಲ್ಲ. ಎದ್ದು ಹೋಗಿ ಅಂಗಡಿಯ ಹೊಸ್ತಿಲ ಹೊರಗೆ, ಬಂದವರು ಬಿಡುವ ಜಾಗದಲ್ಲಿ ಜೋಡಿಸಿ ಇಟ್ಟೆ. ಮಧ್ಯಾಹ್ನ ರೈತರು ಬಂದು ಅದರ ಪಕ್ಕದಲ್ಲಿ ತಮ್ಮವನ್ನು ಬಿಟ್ಟು ಒಳಗೆ ಬಂದರು. ಮಾತಾಡಿದರು, ಲೆಕ್ಕ ಚುಕ್ತಾ ಮಾಡಿಕೊಂಡರು, ಬಿಸಿಲು ಇಳಿಯುವ ಹೊತ್ತಿಗೆ ತಮ್ಮ ತಮ್ಮವನ್ನು ಮೆಟ್ಟಿಕೊಂಡು ಹೋದರು.

ಬಾಗಿಲು ಹಾಕೋಣವೆಂದು ನಮ್ಮ ಹಮಾಲ ಬಂದ. ಹೊಸ್ತಿಲ ಹತ್ತಿರ ಕೆಳಗೆ ನೋಡಿ ನಿಂತುಬಿಟ್ಟ.

"ಒಳಗ ಯಾರರ ಅದಾರೇನ್ರಿ?"

ನಾನು ಹೂಂ ಅಂದೆ. ಅವನು ತಲೆಯಾಡಿಸಿ, ಕೀಲಿಕೈ ಹಿಡಿದುಕೊಂಡು ಹೊರಗೆ ಕಾಯುತ್ತ ನಿಂತ.